ಅಂಗಳದ ಅಡಿಕೆ, ಕುಲುಮೆಯ ಮರಳು

ನೆಟ್ಟಣದಿಂದ ಮಾತಾಡ್ತಾ ಇದ್ದೇನೆ. ನಡುವೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ರೈಲಿನ ಸದ್ದು ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಕಳೆದ ವರ್ಷ ಅಂಗಳದಲ್ಲಿ ಅಡಿಕೆ ದಪ್ಪಕ್ಕೆ ಹರವಿ, ಮಗುಚದೆ ಬಿಟ್ಟಿದ್ದೆ. ಮೇಲೆ ಒಣಗಿತ್ತು, ಅಡಿಯಲ್ಲಿ ಬೂಷ್ಟು. ರೇಟು ಬಿತ್ತು. ಅಜ್ಜಿ ಹೇಳಿದ್ದು ಇಷ್ಟೇ: "ಬಿಸಿಲು ಬೀಳುದು ಮೇಲಿನದ್ದಕ್ಕೆ ಮಾತ್ರ ಮಾರಾಯ."

ಗಾಜಿನ ಕುಲುಮೆಯ ತಲೆನೋವೂ ಇದೇ. ಮರಳು, ಸೋಡಾ ಆಶ್, ಸುಣ್ಣಕಲ್ಲಿನ ಪುಡಿ ಎಲ್ಲ ಸೇರಿ ಕರಗಿದ ಗಾಜಿನ ಮೇಲೆ ಕಂಬಳಿ ಹಾಗೆ ತೇಲ್ತದೆ. ಮೇಲಿಂದ ಜ್ವಾಲೆ, ಕೆಳಗಿಂದ ಕರಗಿದ ಗಾಜು, ಎರಡೂ ಕಡೆ ಬಿಸಿ. ಆದ್ರೆ ಪುಡಿಯ ಸಂದಿಯಲ್ಲಿ ಗಾಳಿ ಉಂಟಲ್ಲ, ಶಾಖ ನಡುವಿಗೆ ಹೋಗುದು ನಿಧಾನ. ಬರೀ ಮರಳು ಕರಗಲು ಸುಮಾರು 1700 ಡಿಗ್ರಿ ಬೇಕು. ಸೋಡಾ ಸೇರಿದ್ರೆ 1500ರ ಆಸುಪಾಸಿನಲ್ಲೇ ಕೆಲಸ ಆಗ್ತದೆ.

ಒಳಗೆ ಕೈ ಹಾಕಿ ನೋಡುವ ಜಾಗ ಅಲ್ಲ ಅದು. ಹಾಗಾಗಿ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಕಂಬಳಿಯನ್ನು ತೆಳು ಪದರಗಳಾಗಿ ಮಾಡಿ, ಪ್ರತಿ ಪದರಕ್ಕೆ ಬಂದ ಶಾಖ, ಹೋದ ಶಾಖ, ರಾಸಾಯನಿಕ ಕ್ರಿಯೆ ನುಂಗಿದ ಶಾಖ ಲೆಕ್ಕ ಹಾಕ್ತಾರೆ. ಬಿಕಾಂ ಓದಿದ ನನಗೆ ಇದು ಪಕ್ಕಾ ಲೆಡ್ಜರು: ಜಮಾ, ಖರ್ಚು, ಉಳಿದದ್ದು ಪದರವನ್ನು ಬಿಸಿ ಮಾಡ್ತದೆ. ಒಡೆದ ಗಾಜು ಬೆರೆಸಿದ್ರೆ ಆ ಖರ್ಚು ಕಮ್ಮಿ. 10% ಸೇರಿಸಿದ್ರೆ ಇಂಧನ ಸುಮಾರು 2.5ರಿಂದ 3% ಉಳೀತದೆ.

ಈ ವರ್ಷ ನನ್ನ ಅಡಿಕೆ ತೆಳುವಾಗಿ ಹರವಿ ಉಂಟು. ನೀವು ಸೋಡಾ ಬಾಟ್ಲಿ ತೋಡಿಗೆ ಎಸೀಬೇಡಿ, ಆಯ್ತಾ?