ಫಾರಮಿಗೆ ಎರಡು ಬಾಗಿಲು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಭವಿಷ್ಯನಿಧಿಯ ಹಣ ಬೇಕಾದರೂ, ೨೦೨೧ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ಬರೆಸಬೇಕಾದರೂ ಇಂದು ಮೊಬೈಲಿನಲ್ಲಿ ಫಾರಮು ತುಂಬುತ್ತೇವೆ. ನಮ್ಮ ಸಂಘದ ಸದಸ್ಯತ್ವದ ಫಾರಮೂ ಅಲ್ಲಿಗೇ ಹೋಗಲಿದೆ. ಹಾಗಾದರೆ ತುಂಬಿದ್ದು ಸರಿಯೋ ತಪ್ಪೋ ಎಂದು ನೋಡುವವರು ಯಾರು?

ಈ ತಪಾಸಣೆ ಎರಡು ಕಡೆ ನಡೆಯಬೇಕು. ಮೊದಲನೆಯದು ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ. ಎರಡನೆಯದು ಕಚೇರಿಯ ಲೆಕ್ಕ ಇಡುವ ದೂರದ ಯಂತ್ರದಲ್ಲಿ; ಅದಕ್ಕೆ ಸರ್ವರ್ ಎನ್ನುತ್ತಾರೆ. ಮೇಜಿನ ಬಳಿ ಮಾಣಿ ಆರ್ಡರನ್ನು ಇನ್ನೊಮ್ಮೆ ಹೇಳಿ ಕೇಳಿದರೆ ಅಡಿಗೆಮನೆಗೆ ಒಂದು ವ್ಯರ್ಥ ಓಟ ತಪ್ಪುತ್ತದೆ. ಮೊಬೈಲಿನ ತಪಾಸಣೆಯ ಉಪಕಾರ ಅಷ್ಟೇ. ಗಿರಾಕಿ ತಾನೇ ಬಿಲ್ಲು ಬರೆದು ತಂದರೆ ಗಲ್ಲಾದವನು ನೋಡದೆ ಒಪ್ಪುತ್ತಾನೆಯೇ? ಮೊಬೈಲು ತುಂಬುವವನ ಕೈಯಲ್ಲಿದೆ. ಬಲ್ಲವನು ಅದರ ತಪಾಸಣೆಯನ್ನು ದಾಟಿ ಬೇಕಾದ್ದನ್ನು ಕಳಿಸಬಲ್ಲ. ಆದ್ದರಿಂದ ಸರ್ವರ್ ಎಲ್ಲವನ್ನೂ ಮತ್ತೆ ನೋಡಲೇಬೇಕು.

ಮೊಬೈಲು ಹೆಚ್ಚಾಗಿ ನೋಡುವುದು ಆಕಾರವನ್ನು. ಆಧಾರಿನಲ್ಲಿ ೧೨ ಅಂಕಿ. ಕೊನೆಯದನ್ನು ಮೊದಲ ೧೧ರಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಲೆಕ್ಕ ಕೂಡಿದ ಮಾತ್ರಕ್ಕೆ ಆ ಸಂಖ್ಯೆ ನಿಮ್ಮದೇ ಎಂದು ಮೊಬೈಲಿಗೆ ಹೇಗೆ ಗೊತ್ತು?

ಇನ್ನೊಂದು ಉದಾಹರಣೆ. ಸಿಂಡಿಕೇಟ್ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು ೨೦೨೧ರ ಜುಲೈ ೧ರಿಂದ ರದ್ದಾದವು. ಊರಿನ ಶಾಖೆಯ ಹಳೆಯ ಪಾಸ್‌ಬುಕ್ಕನ್ನು ಟ್ರಂಕಿನಲ್ಲಿಟ್ಟವರು ನಮ್ಮಲ್ಲಿದ್ದಾರೆ. ಅದರಲ್ಲಿರುವ ಸಂಕೇತಕ್ಕೆ ೧೧ ಸ್ಥಾನ, ಐದನೆಯದು ಸೊನ್ನೆ, ಆಕಾರ ಚೊಕ್ಕ. ಮೊಬೈಲು ಕೆಂಪು ಅಕ್ಷರ ತೋರಿಸದೆ ಬಿಡಬಹುದು. ಇಂದಿನ ಬ್ಯಾಂಕುಗಳ ಪಟ್ಟಿ ಇಟ್ಟುಕೊಂಡ ಸರ್ವರ್ ಮಾತ್ರ ಅದನ್ನು ಹಿಡಿಯಬಲ್ಲದು. ಹಿಡಿಯದಿದ್ದರೆ ಬೆವರಿನ ದುಡ್ಡು ಖಾತೆಗೆ ಬಾರದೆ ನಿಲ್ಲುತ್ತದೆ.

ಬಂಧುಗಳೇ, ತಪ್ಪನ್ನು ಒಳಗೆ ಬಿಡುವುದು ಒಂದು ದೋಷವಾದರೆ, ಸರಿಯಾದವನನ್ನು ಹೊರಗಟ್ಟುವುದು ಇನ್ನೂ ದೊಡ್ಡ ದೋಷ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಹೆಸರಿನ ಮುಂದೆ ಒಂದು ಅಕ್ಷರ, ಒಂದು ಚುಕ್ಕಿ. ಚುಕ್ಕಿ ಒಪ್ಪದ, ಅಡ್ಡಹೆಸರಿಲ್ಲದೆ ಮುಂದೆ ಬಿಡದ ಫಾರಮು ಇವರಿಗೆ ಮುಚ್ಚಿದ ಬಾಗಿಲೇ ಸರಿ.

ಆದ್ದರಿಂದ ಫಾರಮು ಬರೆಯುವ ತರುಣರಲ್ಲಿ ಮೂರು ಕೋರಿಕೆ. ಎರಡೂ ಕಡೆ ತಪಾಸಣೆ ಇರಲಿ. ಇದ್ದ ಹೆಸರನ್ನು ಇದ್ದಂತೆಯೇ ಒಪ್ಪಲಿ. ಬೇಡವೆಂದರೆ ಯಾವ ಸಾಲು, ಏನು ತಪ್ಪು ಎಂದು ಕನ್ನಡದಲ್ಲಿ ಹೇಳಲಿ. ತುಂಬುವವರಿಗೆ ಒಂದೇ ಮಾತು: ಕೆಂಪು ಅಕ್ಷರ ಕಾಣದಿದ್ದರೆ ಕೆಲಸವಾಯಿತೆಂದು ಎದ್ದು ಹೋಗಬೇಡಿ. ಸ್ವೀಕೃತಿಯ ಸಂಖ್ಯೆ ಬರೆದಿಟ್ಟುಕೊಳ್ಳಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಸಂಶಯ ಬಂದರೆ ಸಂಘದ ಕಚೇರಿಗೆ ಬನ್ನಿ.