ಮೀನಿನ ಸಂತತಿಯೂ ನಮ್ಮ ತಕ್ಕಡಿಯೂ

(ಬಸವೇಶ್ವರನಗರದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಸವೇಶ್ವರನಗರದಿಂದ ಕಡಲಿಗೆ ಸುಮಾರು 350 ಕಿಲೋಮೀಟರಿನ ಹಾದಿ. ಇಷ್ಟು ದೂರದಲ್ಲಿ ಕುಳಿತು, ಮೀನು ಹೇಗೆ ಮರಿಮಾಡುತ್ತದೆಂಬ ವಿಚಾರ ನಮಗೇಕೆ ಎಂದು ಯಾರಾದರೂ ಕೇಳಬಹುದು. ಮಲ್ಪೆ, ಮಂಗಳೂರುಗಳಲ್ಲಿ ಮಂಜುಗಡ್ಡೆ ತುಂಬಿಕೊಂಡ ಲಾರಿ ಘಟ್ಟ ಹತ್ತಿ ಬಂದರೆ ಮಾತ್ರ ನಮ್ಮ ಬೀದಿಯ ಮೀನಿನಂಗಡಿ ಬಾಗಿಲು ತೆರೆಯುತ್ತದೆ. ಪಾಳಿ ಮುಗಿಸಿ ಬಂದ ಗಿರಣಿ ಕೆಲಸಗಾರ ಕೊಳ್ಳುವ ಅರ್ಧ ಕಿಲೋ ಬಂಗುಡೆಯೂ, ಬುಟ್ಟಿಯಿಟ್ಟು ಮಾರುವ ತಾಯಿಯ ಅಂದಿನ ಸಂಪಾದನೆಯೂ ಆ ಲಾರಿಯನ್ನೇ ನಂಬಿವೆ. ಆದ್ದರಿಂದ ಇದು ನಮ್ಮ ಅನ್ನದ ಪ್ರಶ್ನೆಯೇ ಹೌದು.

ಮೊದಲು ಬಡವರ ಮೀನೆನಿಸಿದ ಬೂತಾಯಿಯನ್ನು ನೋಡೋಣ. ಕಾರವಾರದ ಕಡೆ ಇದನ್ನೇ ತಾರ್ಲೆ ಎನ್ನುತ್ತಾರೆ. ಇದರ ಆಯುಷ್ಯ ಎರಡೂವರೆ, ಮೂರು ವರ್ಷ ಮಾತ್ರ. ಹುಟ್ಟಿದ ಒಂದು ವರ್ಷದೊಳಗೆ 15 ಸೆಂಟಿಮೀಟರಿನಷ್ಟು ಬೆಳೆದು ಪ್ರಾಯಕ್ಕೆ ಬರುತ್ತದೆ. ಮುಂಗಾರಿನ ಕಾಲದಲ್ಲಿ ಗಾಳಿಯ ದೆಸೆಯಿಂದ ಕರಾವಳಿಯ ಮೇಲ್ನೀರು ಸರಿದು, ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಹೊಲಕ್ಕೆ ಗೊಬ್ಬರವಿದ್ದಂತೆ ಆ ನೀರಿನಲ್ಲಿರುವ ಲವಣಗಳು. ಅದರಿಂದ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿಗೆ ಅದೇ ಹುಲ್ಲುಗಾವಲು. ಅದೇ ಕಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದು ಮೊಟ್ಟೆಯಿಡುತ್ತದೆ. ಗೂಡಿಲ್ಲ, ಬಾಣಂತಿತನವಿಲ್ಲ. ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ಕಂತು ಕಂತಾಗಿ ನೀರಿಗೆ ಬಿಡುತ್ತದೆ, ಗಂಡು ಅಲ್ಲಿಯೇ ತನ್ನ ಬೀಜವನ್ನು ಬಿಡುತ್ತದೆ. ತೇಲುವ ಮೊಟ್ಟೆ ಒಂದು ದಿನದ ಸುಮಾರಿಗೆ ಒಡೆದು ಮರಿಯಾಗುತ್ತದೆ. ಬಹುಪಾಲು ಇತರ ಜೀವಿಗಳ ಬಾಯಿಗೆ ಬೀಳುತ್ತದೆ. ಸಂಖ್ಯೆಯೇ ಈ ಮೀನಿನ ಬಲ. ಬಂಗುಡೆಯ ಕ್ರಮವೂ ಹೆಚ್ಚುಕಡಿಮೆ ಇದೇ.

ಎಲ್ಲ ಮೀನಿಗೂ ಈ ಬಲವಿಲ್ಲ. ಮುಳ್ಳುಮೀಸೆಯ ತೇಡೆ ಮೀನನ್ನು ನೋಡಿ. ಇದರ ಹೆಣ್ಣು ಇಡುವುದು ಕೆಲವೇ ಹತ್ತು ಮೊಟ್ಟೆಗಳು; ಒಂದೊಂದೂ ಕಡಲೆಕಾಳಿಗಿಂತ ದಪ್ಪ. ಗಂಡುಮೀನು ಅವನ್ನು ತನ್ನ ಬಾಯೊಳಗೆ ತುಂಬಿಕೊಂಡು, ಮರಿಯೊಡೆದು ಅವು ಸ್ವತಂತ್ರವಾಗಿ ಈಜುವವರೆಗೆ, ವಾರಗಟ್ಟಲೆ ಉಪವಾಸವಿದ್ದು ಕಾಯುತ್ತದೆ. ಒಂದು ತಂದೆ ಬಲೆಗೆ ಬಿದ್ದರೆ ಒಂದು ಸಂಸಾರವೇ ಹೋಯಿತೆಂದು ಅರ್ಥ.

ಹಾಗೆಯೇ ಆಯಿತು ಎಂಬುದನ್ನು ನಾವು ಮರೆಯಬಾರದು. ನಮ್ಮ ಕರಾವಳಿಯಲ್ಲಿ ಹಿಂದೆ ಊರಿಗೆ ಊರೇ ಸೇರಿ ದಡದಿಂದ ರಂಪಣಿ ಬಲೆಯನ್ನೆಳೆಯುತ್ತಿತ್ತು. ಬಂದ ಮೀನು ಪಾಲಾಗಿ ಹಂಚಿಹೋಗುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂತು. ಗುಂಪನ್ನು ಸುತ್ತುವರಿದು ಚೀಲದ ಬಾಯಿ ಬಿಗಿದಂತೆ ಕೆಳಗಿನಿಂದ ಬಿಗಿಯುವ ಬಲೆ ಇದು. 1980ರ ಸುಮಾರಿಗೆ ಮಂಗಳೂರಿನ ಕಡಲಲ್ಲಿ, ಬಾಯ್ತುಂಬ ಮೊಟ್ಟೆಯಿದ್ದ ತೇಡೆಯ ಗುಂಪುಗಳೇ ಈ ಬಲೆಗೆ ಸಿಕ್ಕವು. ದೋಣಿಯ ಹಲಗೆಯ ಮೇಲೆ ಉದುರಿದ ಮೊಟ್ಟೆಗಳು ಕಸದಂತೆ ವ್ಯರ್ಥವಾದವು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಗಲೇ ಲಿಖಿತ ಎಚ್ಚರಿಕೆ ಕೊಟ್ಟರು. ಕೆಲವು ವರ್ಷ ಬಂಪರ್ ಬೆಳೆ. ಆಮೇಲೆ ತೇಡೆಯ ಮೀನುಗಾರಿಕೆಯೇ ಕುಸಿಯಿತು.

ಬೂತಾಯಿಯ ಏರಿಳಿತಕ್ಕೆ ಬಲೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. 2012ರಲ್ಲಿ ಭಾರತದಲ್ಲಿ 7 ಲಕ್ಷ ಟನ್ನಿಗೂ ಮಿಗಿಲಾಗಿ ಬೂತಾಯಿ ಸಿಕ್ಕಿತು. 2021ರಲ್ಲಿ ನೆರೆಯ ಕೇರಳದ ಪಾಲಿಗೆ ಬಂದದ್ದು 3,297 ಟನ್ನು ಮಾತ್ರ. ಮಳೆ, ನೀರಿನ ಬಿಸುಪು, ಪಾಚಿಯ ಬೆಳೆ ಇವೆಲ್ಲವೂ ಇದರಲ್ಲಿ ಸೇರಿವೆ. ಆದರೆ ಕೆಟ್ಟ ವರ್ಷದಲ್ಲಿ ಉಳಿದ ಬೀಜವನ್ನೂ ಬಾಚಿಕೊಂಡರೆ, ಒಳ್ಳೆಯ ಮಳೆ ಬಂದಾಗ ಬಿತ್ತುವುದಕ್ಕೇನಿರುತ್ತದೆ?

ಇದಕ್ಕಾಗಿಯೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳಿಗೆ ನಿಷೇಧವಿದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನಾಡದೋಣಿಗೆ ವಿನಾಯಿತಿಯುಂಟು. ಕೇರಳವು 2015ರಲ್ಲಿ ಇನ್ನೊಂದು ಹೆಜ್ಜೆಯಿಟ್ಟು, ಬೂತಾಯಿಯಾದರೆ 10 ಸೆಂಟಿಮೀಟರು, ಬಂಗುಡೆಯಾದರೆ 14 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯಬಾರದೆಂದು ವಿಧಿಸಿತು. ಗಮನಿಸಿ: 10 ಸೆಂಟಿಮೀಟರಿನ ಬೂತಾಯಿ ಇನ್ನೂ ಪ್ರಾಯಕ್ಕೆ ಬಂದಿಲ್ಲ. ಹಾಗಾಗಿ ಈ ಅಳತೆ ಕನಿಷ್ಠ ಮರ್ಯಾದೆಯೇ ಹೊರತು ಧಾರಾಳವೇನಲ್ಲ. ಇದಕ್ಕಿಂತ ಚಿಕ್ಕ ಮರಿಗಳು ಮನುಷ್ಯನ ತಟ್ಟೆಗೂ ಬಾರದೆ, ಮೀನಿನ ಹಿಟ್ಟು ಮಾಡುವ ಕಾರ್ಖಾನೆಗಳಿಗೆ ರಾಶಿರಾಶಿಯಾಗಿ ಹೋಗುತ್ತವೆ. ಬಡವನ ಊಟದ ಮೀನು ಬೆಳೆಯುವ ಮೊದಲೇ ಕೋಳಿಯ, ಸಾಕುಸಿಗಡಿಯ ಮೇವಾಗುತ್ತದೆ.

ಈಗ ಮುಖ್ಯ ಪ್ರಶ್ನೆ: ಈ ತಡೆಯ ಭಾರವನ್ನು ಹೊರುವವರಾರು? ದೋಣಿ ದಡದಲ್ಲಿದ್ದರೆ ಅದರಲ್ಲಿ ದುಡಿಯುವವನಿಗೆ ಕೂಲಿಯಿಲ್ಲ. ಉಳಿತಾಯ-ಪರಿಹಾರ ಯೋಜನೆಯಲ್ಲಿ ಮೀನುಗಾರ ತಾನೇ ಕಟ್ಟಿದ 1,500 ರೂಪಾಯಿಗೆ ಸರ್ಕಾರ 3,000 ಸೇರಿಸಿ ಒಟ್ಟು 4,500 ಕೊಡುತ್ತದೆ. ಗಿರಣಿಯಲ್ಲಿ ಲೇ-ಆಫ್ ಆದರೆ ಕೆಲಸಗಾರನಿಗೆ ಅರ್ಧ ಸಂಬಳ ಸಿಗಬೇಕೆಂದು 1953ರಲ್ಲೇ ಕಾನೂನಾಯಿತು. ಆ ಹಕ್ಕಿನ ಬೆಲೆ ಬಲ್ಲ ನಾವು, ಎಲ್ಲರ ಮೀನನ್ನು ಉಳಿಸುವುದಕ್ಕಾಗಿ ಎರಡು ತಿಂಗಳು ಕೈಕಟ್ಟಿ ಕೂರುವವನ ಪರವಾಗಿ ದನಿಯೆತ್ತಬೇಡವೇ?

ನಮ್ಮ ಕೈಯಲ್ಲೇ ಇರುವ ಕೆಲಸವೂ ಉಂಟು. ಅಂಗಡಿಯವರು ಬೆರಳುದ್ದದ ಬಂಗುಡೆ, ಬೂತಾಯಿ ಮರಿಗಳನ್ನು ಅಗ್ಗವೆಂದು ತರಿಸಬಾರದು, ಕೊಳ್ಳುವವರು ಕೇಳಬಾರದು. ತಕ್ಕಡಿಯ ಪಕ್ಕದಲ್ಲಿ ಒಂದು ಅಳತೆಪಟ್ಟಿಯಿರಲಿ. ಒಬ್ಬ ಅಂಗಡಿಯವನು ಒಬ್ಬನೇ ಹೀಗೆ ಮಾಡಿದರೆ ಪಕ್ಕದವನಿಗೆ ಲಾಭ, ಇವನಿಗೆ ನಷ್ಟ. ಬೀದಿಯ ಅಂಗಡಿಗಳೆಲ್ಲ ಕೂಡಿ ತೀರ್ಮಾನಿಸಿದರೆ ಯಾರಿಗೂ ನಷ್ಟವಿಲ್ಲ. ಆ ತೀರ್ಮಾನವನ್ನು ಮುಂದಿನ ಮುಂಗಾರಿಗೆ ಮೊದಲು ಮಾಡೋಣವೆಂದು ಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.