ಮೆಟ್ಟಿಲ ಹತ್ರ ಇದ್ರೆ ದೇವರ ಮೀನು, ಆಚೆ ಹೋದ್ರೆ?

ಇವತ್ತಿನ ಮಾತು ಶುರುವಾಗೋದು ರಾಮನಾಥಪುರದ ಹೊಳೆ ಮೆಟ್ಟಿಲ ಮೇಲೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಗೊತ್ತಲ್ಲ? ಕಾವೇರಿ ದಡ, ರಾಮೇಶ್ವರ ದೇವಸ್ಥಾನ, ಷಷ್ಠಿ ಸಮಯದಲ್ಲಿ ಸುಬ್ರಹ್ಮಣ್ಯ ಸ್ವಾಮಿ ತೇರು. ಅಲ್ಲಿ ವಹ್ನಿ ಪುಷ್ಕರಿಣಿ ಅಂತ ಹೊಳೆಯ ಒಂದು ಭಾಗ ಇದೆ. ಒಂದು ಹಿಡಿ ಕಡ್ಲೆಪುರಿ ಎಸೆದರೆ ಸಾಕು, ನೀರು ಕುದಿಯೋ ಹಾಗೆ ಮೀನು ಮೇಲೆ ಬರುತ್ತವೆ. ಮಹಶೀರ್ ಜಾತಿಯ ದಪ್ಪ ದಪ್ಪ ಮೀನುಗಳು. ಯಾರೂ ಹಿಡಿಯಲ್ಲ, ಯಾಕಂದ್ರೆ ಅವು ದೇವರ ಮೀನು.

ಕಳೆದ ಸಲ ಹೋದಾಗ ನನ್ನ ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಪುರಿ ಹಾಕ್ತಿದ್ದ. ಇದ್ದಕ್ಕಿದ್ದ ಹಾಗೆ ಕೇಳಿದ: "ಅಮ್ಮಾ, ಈ ಮೀನು ಆ ಕಡೆ ಹೋದ್ರೆ ಹಿಡೀಬೋದಾ?" ಅವರಮ್ಮ, "ಸುಮ್ನೆ ಪುರಿ ಹಾಕೋ" ಅಂದ್ರು. ಪುರಿ ಖಾಲಿಯಾದ ಮೇಲೆ ಪ್ಲಾಸ್ಟಿಕ್ ಕವರ್ ಕೂಡ ಹೊಳೆಗೇ ಹೋಯ್ತು.

ಆ ಹುಡುಗನ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಜೀವಗೋಳ ಮೀಸಲು ಪ್ರದೇಶ, ಅಂದ್ರೆ ಬಯೋಸ್ಫಿಯರ್ ರಿಸರ್ವ್ ಅನ್ನೋ ಕಲ್ಪನೆ ಹುಟ್ಟಿದ್ದೇ ಹೆಚ್ಚೂಕಡಿಮೆ ಇದೇ ಪ್ರಶ್ನೆಯಿಂದ. ಒಂದು ತುಂಡು ಜಾಗಕ್ಕೆ ಬೇಲಿ ಹಾಕಿದ್ರೆ ಸಾಕಾ? ಬೇಲಿ ಆಚೆ ಹೋದ ಜೀವದ ಗತಿ ಏನು?

ಯುನೆಸ್ಕೊ 1971ರಲ್ಲಿ 'ಮಾನವ ಮತ್ತು ಜೀವಗೋಳ' ಕಾರ್ಯಕ್ರಮ ಶುರು ಮಾಡ್ತು. ನಮ್ಮ ದೇಶದ ಮೊದಲ ಜೀವಗೋಳ ಮೀಸಲು ನೀಲಗಿರಿ, 1986ರಲ್ಲಿ ಘೋಷಣೆ ಆಯ್ತು. ಕರ್ನಾಟಕ, ಕೇರಳ, ತಮಿಳುನಾಡು ಸೇರಿ 5,520 ಚದರ ಕಿಲೋಮೀಟರ್. ನಮ್ಮ ಬಂಡೀಪುರ, ನಾಗರಹೊಳೆ ಅದರೊಳಗೇ ಬರುತ್ತವೆ. ಈಗ ದೇಶದಲ್ಲಿ ಇಂಥವು 18 ಇವೆ.

ಇದರಲ್ಲಿ ಮೂರು ವಲಯ. ನಾನು ಬಿಕಾಂ ಓದಿದವನು, ನನಗೆ ಹೀಗೆ ಅರ್ಥ ಆಯ್ತು. ನಡುವಿನ ವಲಯ ಅಸಲು, ಮುಟ್ಟೋ ಹಾಗಿಲ್ಲ. ಅದರ ಸುತ್ತ ಕಾಪು ವಲಯ, ಅಲ್ಲಿ ಸಂಶೋಧನೆ, ಕಲಿಕೆ, ಮಿತವಾದ ಬಳಕೆ. ಅದರಾಚೆ ಊರು, ಹೊಲ, ತೋಟ. ಅಲ್ಲಿ ಜನ ಬಡ್ಡಿ ತಿಂದು ಬದುಕಬಹುದು, ಅಸಲು ಕರಗಬಾರದು. ಜನರನ್ನ ಹೊರಗೆ ಹಾಕಿ ಕಾಡು ಉಳಿಸೋದಲ್ಲ, ಜನರನ್ನೂ ಲೆಕ್ಕಕ್ಕೆ ತಗೊಂಡು ಉಳಿಸೋದು. ಕಾಗದದ ಮೇಲೆ ಹೀಗಿದೆ. ಆದ್ರೆ ಜೀವಗೋಳ ಮೀಸಲಿಗೆ ಅಂತ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಆಗಿರೋ ಭಾಗಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹೊರವಲಯ ಜನರ ಮನಸ್ಸಿನ ಮೇಲೆ ನಿಂತಿದೆ.

ಈಗ ಮೀನಿಗೆ ಬರೋಣ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರೋ ಒಂದು ಮಹಶೀರ್ ಇದೆ. ಗೂನು ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ. 1946ರಲ್ಲಿ ಕಬಿನಿಯಲ್ಲಿ ಸಿಕ್ಕ ಒಂದು ಮೀನು ಸುಮಾರು 54 ಕೆಜಿ ತೂಗಿತ್ತಂತೆ! 2018ರಲ್ಲಿ ಇದನ್ನ 'ಅತಿ ಗಂಭೀರ ಅಪಾಯದಲ್ಲಿರುವ' ಜೀವಿಗಳ ಪಟ್ಟಿಗೆ ಸೇರಿಸಿದ್ರು. ಹುಲಿಗಿಂತ ಕೆಟ್ಟ ಸ್ಥಿತಿ. ಡ್ಯಾಮು, ಮರಳು ತೆಗೆಯೋದು, ಡೈನಮೈಟ್ ಹಾಕಿ ಮೀನು ಹಿಡಿಯೋದು, ಇವೆಲ್ಲ ಕಾರಣ. ಜೊತೆಗೆ ಒಂದು ವಿಚಿತ್ರ ಕಾರಣವೂ ಇದೆ. ಮಹಶೀರ್ ಉಳಿಸ್ತೀವಿ ಅಂತಲೇ ಹೊರಗಿನಿಂದ ನೀಲಿ ಈಜುರೆಕ್ಕೆಯ ಬೇರೆ ಮಹಶೀರ್ ಮರಿಗಳನ್ನ ತಂದು ಕಾವೇರಿಗೆ ಬಿಟ್ರು. ಅವು ಬೆಳೆದವು, ಮನೆಯವು ಮೂಲೆಗೆ ಸರಿದವು.

ಅಸಲಿ ಗೂನು ಬೆನ್ನಿನ ಮೀನು ಇನ್ನೂ ಉಳಿದಿರೋ ಕೆಲವೇ ಜಾಗಗಳಲ್ಲಿ ಮೋಯಾರ್ ಹೊಳೆ ಒಂದು. ಅದು ಹರಿಯೋದು ಎಲ್ಲಿ? ಅದೇ ನೀಲಗಿರಿ ಜೀವಗೋಳದೊಳಗೆ. ನದಿಯ ಜೊತೆ ಕಾಡೂ ಉಳಿದ ಕಡೆ ಮೀನೂ ಉಳೀತು.

ರಾಮನಾಥಪುರ ಯಾವ ಜೀವಗೋಳ ಮೀಸಲಿನ ನಕ್ಷೆಯಲ್ಲೂ ಇಲ್ಲ. ಆದ್ರೂ ಜನ ತಾವೇ ಒಂದು ನಡುವಲಯ ಮಾಡ್ಕೊಂಡಿದ್ದಾರೆ. ಕಾವಲಿಗೆ ಗಾರ್ಡ್ ಬೇಕಾಗಿಲ್ಲ, ಭಕ್ತಿಯೇ ಸಾಕು. ಇದು ಸಣ್ಣ ಮಾತಲ್ಲ. ಆದ್ರೆ ಭಕ್ತಿ ಮೆಟ್ಟಿಲ ಹತ್ರವೇ ನಿಂತುಬಿಡುತ್ತೆ. ಮೀನು ನಿಲ್ಲಲ್ಲ. ಮಳೆಗಾಲದಲ್ಲಿ ಹೊಸ ನೀರು ಬಂದಾಗ ಮಹಶೀರ್ ಮೊಟ್ಟೆ ಇಡೋಕೆ ಪ್ರವಾಹದ ಎದುರು ಈಜುತ್ತೆ, ಅದಕ್ಕೆ ಬೆಣಚುಕಲ್ಲಿನ ಶುದ್ಧ ತಳ ಬೇಕು. ದಾರೀಲಿ ಕಟ್ಟೆ ಸಿಕ್ಕರೆ, ತಳದ ಮರಳು ಲಾರಿ ಹತ್ತಿದ್ದರೆ, ನಾವು ಹಾಕಿದ ಪುರಿಯಿಂದ ಏನೂ ಆಗಲ್ಲ.

ಹಾಗಾದ್ರೆ ನಾವೇನು ಮಾಡೋದು? ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮೀನು, ಹಕ್ಕಿ ಎಲ್ಲದರ ದಾಖಲೆ ಪುಸ್ತಕ ಇರಬೇಕು. ನಿಮ್ಮೂರಿನ ಪಂಚಾಯ್ತಿಗೆ ಹೋಗಿ ಕೇಳಿ: ಆ ಪುಸ್ತಕ ಎಲ್ಲಿದೆ? ನಮ್ಮ ಹೊಳೆ ಅದರಲ್ಲಿ ಇದೆಯಾ? ಕೇಳೋಕೆ ದುಡ್ಡು ಖರ್ಚಾಗಲ್ಲ.

ಆಮೇಲೆ ಆ ಪುರಿ ಕವರ್, ದಯವಿಟ್ಟು ಜೇಬಲ್ಲಿಟ್ಕೊಂಡು ಬನ್ನಿ.

ಆ ಹುಡುಗ ಇನ್ನೊಂದ್ಸಲ ಸಿಕ್ಕರೆ ನಾನು ಹೇಳ್ತೀನಿ: ಆ ಕಡೆ ಹೋದ್ರೂ ಅದು ಅದೇ ಮೀನು ಕಣೋ. ಹೊಳೆನೂ ಅದೇ.

ಮುಂದಿನ ವಾರ ಸಿಗೋಣ. ನಿಮ್ಮೂರಲ್ಲೂ ದೇವರ ಮೀನು, ದೇವರಕಾಡು ಇದ್ರೆ ವಾಯ್ಸ್ ಮೆಸೇಜ್ ಕಳಿಸಿ.